ಇದ್ದಿಲು ಕಾರಿನ ಐದು ಸೀಟು

ಡ್ರೈವರ್ ಕೆಲಸ ಕಲಿಯಲು ಬರುವ ಹುಡುಗರು ಮೊದಲು ಕೇಳುವುದು ಗೇರಿನ ವಿಚಾರ. ನಾನು ಮೊದಲು ಹೇಳುವುದು ಸೀಟಿನ ವಿಚಾರ. ಗೇರು ಹಾಕುವುದನ್ನು ಕೈ ತಾನಾಗಿಯೇ ಕಲಿಯುತ್ತದೆ. ಯಾರ ಪಕ್ಕಕ್ಕೆ ಯಾರನ್ನು ಕೂರಿಸಬೇಕು, ಯಾರನ್ನು ಕೂರಿಸಿದರೆ ಊರು ಮುಟ್ಟುವುದರೊಳಗೆ ಜಗಳವಾಗುತ್ತದೆ ಎನ್ನುವುದನ್ನು ಕಲಿಯಲು ನನಗೆ ಒಂದು ಮಹಾಯುದ್ಧವೇ ಬೇಕಾಯಿತು.

ಆಮೇಲೆ ನಾನು ಬಸ್ಸು ಓಡಿಸಿದೆ, ಲಾರಿ ಓಡಿಸಿದೆ, ಕೊನೆಗೆ ನಿಮ್ಮಂಥ ಹುಡುಗರ ಕೈಗೆ ಸ್ಟೀರಿಂಗ್ ಕೊಟ್ಟು ಪಕ್ಕದಲ್ಲಿ ಜೀವ ಬಿಗಿಹಿಡಿದು ಕೂರುವ ಕೆಲಸ ಮಾಡಿ ನಿವೃತ್ತನಾದೆ. ಅದೆಲ್ಲ ಪಿಂಚಣಿ ಕೊಡುವವರಿಗೆ ಬೇಕಾದ ಕಥೆ. ನನಗೆ ಕೆಲಸ ಕಲಿಸಿದ್ದು ಮುಳಬಾಗಿಲಿನ ಒಂದು ಹಳೇ ಕಾರು. ಈಗ ಕಂಪನಿಗೆ ಹೋಗುವವರು ನಾಲ್ಕು ಜನ ಸೇರಿ ಒಂದೇ ಕಾರಿನಲ್ಲಿ ಹೋಗುವುದನ್ನು ಹೊಸ ಬುದ್ಧಿವಂತಿಕೆ ಎಂದು ಹೇಳಿಕೊಳ್ಳುವುದನ್ನು ಕೇಳಿದಾಗೆಲ್ಲ ನನಗೆ ಆ ಕಾರಿನ ಹೊಗೆ ಮೂಗಿಗೆ ಬಡಿಯುತ್ತದೆ.

ನನ್ನ ಊರು ತಾಯಲೂರಿನ ಪಕ್ಕದ ಒಂದು ಹಳ್ಳಿ. ಅಪ್ಪನಿಗೆ ರಾಗಿ ಹೊಲ, ನನಗೆ ಬಾಯಿ. ಹುಟ್ಟಿದಾಗಿನಿಂದ ಕಂಡವರ ದನಿಯನ್ನೆಲ್ಲ ಅನುಕರಣೆ ಮಾಡುವುದು ನನ್ನ ರೋಗ. ಪಟೇಲರ ಹಾಗೆ ಕೆಮ್ಮುತ್ತಿದ್ದೆ, ಪೂಜಾರಿ ಹಾಗೆ ಮಂತ್ರ ನುಂಗುತ್ತಿದ್ದೆ, ಅಪ್ಪನ ದನಿಯಲ್ಲೇ ಅವ್ವನನ್ನು ಕರೆದು ಅಪ್ಪನಿಂದ ಹೊಡೆಸಿಕೊಳ್ಳುತ್ತಿದ್ದೆ. "ಈ ಚಲಪತಿ ಊರಲ್ಲಿದ್ರೆ ಊರಿಗೂ ನೆಮ್ಮದಿ ಇಲ್ಲ, ಎಮ್ಮೆಗೂ ನೆಮ್ಮದಿ ಇಲ್ಲ" ಎಂದು ಮಾಲೂರಿನ ಇಟ್ಟಿಗೆ ಗೂಡಿಗೆ ಅಟ್ಟಿದರು. ಅಲ್ಲಿ ಇಟ್ಟಿಗೆ ಹೊತ್ತೆ, ಲಾರಿ ಒರೆಸಿದೆ, ಲಾರಿ ಓಡಿಸುವುದನ್ನು ಕಲಿತೆ. ಗೂಡಿನ ಬೂದಿ ಎಷ್ಟು ತಿಂದಿದ್ದೆನೆಂದರೆ, ಸೀನಿದರೆ ಅರ್ಧ ಇಟ್ಟಿಗೆ ಉದುರುತ್ತದೆ ಎಂದು ಜೊತೆಯವರು ಹೇಳುತ್ತಿದ್ದರು. ಅಲ್ಲಿಂದ ಹೇಗಾದರೂ ತಪ್ಪಿಸಿಕೊಳ್ಳಬೇಕು ಎಂದು ಕಾಯುತ್ತಿದ್ದಾಗ ಮುಳಬಾಗಿಲಿನ ಲಾಯರ್ ಸುಬ್ಬರಾಯರು ಹೇಳಿ ಕಳುಹಿಸಿದರು.

ಯುದ್ಧ ಶುರುವಾಗಿ ಪೆಟ್ರೋಲಿಗೆ ಕೂಪನ್ ಬಂದಿತ್ತು. ಕೋಲಾರದ ಕೋರ್ಟಿಗೆ ದಿನಾ ಹೋಗಬೇಕಾದ ಲಾಯರ ಕಾರು ಕೊಟ್ಟಿಗೆಯಲ್ಲಿ ನಿಂತು, ಅದರ ಮೇಲೆ ಕೋಳಿಗಳು ಮಲಗುತ್ತಿದ್ದವು. ಕೋಲಾರಕ್ಕೆ, ಶ್ರೀನಿವಾಸಪುರಕ್ಕೆ ರೈಲಾದರೂ ಇತ್ತು, ನಮ್ಮ ಮುಳಬಾಗಿಲಿಗೆ ಅದೂ ಇಲ್ಲ. ಬಸ್ಸು ಬಂದರೆ ಬಂತು, ಬಂದರೂ ಅದರ ಒಳಗಿದ್ದವರಿಗಿಂತ ಮೇಲೆ ಕೂತವರೇ ಹೆಚ್ಚು. ಲಾಯರು ಒಂದು ಉಪಾಯ ಮಾಡಿದರು. ಕಾರಿನ ಹಿಂದೆ ಇದ್ದಿಲು ಉರಿಸುವ ಉದ್ದನೆಯ ಹಂಡೆ ಕಟ್ಟಿಸಿದರು. ಅದರಿಂದ ಬರುವ ಗ್ಯಾಸಿನಲ್ಲಿ ಎಂಜಿನ್ ಓಡುತ್ತಿತ್ತು. ಓಡುತ್ತಿತ್ತು ಎನ್ನುವುದು ಮರ್ಯಾದೆಯ ಮಾತು.

"ಈಗ ನೋಡು ಚಲಪತಿ" ಎಂದರು ಲಾಯರು. ಅವರ ಯಾವ ಮಾತೂ 'ಈಗ ನೋಡು' ಇಲ್ಲದೆ ಹೊರಡುತ್ತಿರಲಿಲ್ಲ. "ಒಬ್ಬನಿಗೋಸ್ಕರ ಇಷ್ಟು ಇದ್ದಿಲು ಸುಡೋಕೆ ನಾನೇನು ಮಹಾರಾಜನಾ? ಕೋಲಾರಕ್ಕೆ ದಿನಾ ಹೋಗೋರು ಇನ್ನೂ ನಾಲ್ಕು ಜನ ಸೇರಲಿ, ಖರ್ಚು ಹಂಚ್ಕೊಳೋಣ. ಐದು ಸೀಟು ತುಂಬಿದ್ರೆ ಗಾಡಿ ರೋಡಿಗೆ. ಒಂದು ಸೀಟು ಖಾಲಿ ಬಿದ್ರೆ ಗಾಡಿ ಕೊಟ್ಟಿಗೆಗೆ, ನೀನು ಮಾಲೂರಿಗೆ."

ನನ್ನ ಹಣೆಬರಹವನ್ನು ಹೀಗೆ ಐದು ಸೀಟಿನ ಮೇಲೆ ಬರೆದುಬಿಟ್ಟರು.

ಸೀಟು ತುಂಬಿಸಲು ಮುಳಬಾಗಿಲಿನ ಬೀದಿಯೆಲ್ಲ ಅಲೆದೆ. ಮೊದಲು ಸಿಕ್ಕವರು ಕಮಲಮ್ಮನವರು. ಕೋಲಾರದ ಹೆಣ್ಣುಮಕ್ಕಳ ಶಾಲೆಯಲ್ಲಿ ಮೇಷ್ಟ್ರಮ್ಮ, ಲಾಯರಿಗೆ ತಮ್ಮನ ಮಗಳು. ಅವರನ್ನು ಕಂಡರೆ ಶಾಲೆಯ ಮಕ್ಕಳಿಗಿಂತ ಮಕ್ಕಳ ಅಪ್ಪಂದಿರು ಹೆಚ್ಚು ಹೆದರುತ್ತಿದ್ದರು. ಎರಡನೆಯವರು ಮಸ್ತಾನ್ ಸಾಹೇಬರು, ರೇಷ್ಮೆ ಗೂಡು ಕೊಳ್ಳುವ ವ್ಯಾಪಾರಿ, ಎದುರಿಗೆ ಸಿಡಿಲು ಬಿದ್ದರೂ "ಪರವಾಗಿಲ್ಲ ಭಾಯ್" ಎನ್ನುವ ಮನುಷ್ಯ. ಮೂರನೆಯವರು ಕೋಲಾರದ ಒಂದು ರೇಷ್ಮೆ ಕಂಪನಿಯ ಮ್ಯಾನೇಜರ್ ವರದರಾಜಯ್ಯನವರು. ಅವರ ಕಂಪನಿ ಯುದ್ಧದ ಪ್ಯಾರಾಚೂಟಿಗೆ ನೂಲು ತೆಗೆಯುತ್ತಿತ್ತು. ಅವರು ಕೋಲಾರದಲ್ಲೇ ಮನೆ ಮಾಡಬಹುದಿತ್ತು. ಆದರೆ ಮುಳಬಾಗಿಲಿನ ತಮ್ಮ ಬಾವಿ ನೀರಿನ ಕಾಫಿ ಬಿಟ್ಟು ಬೇರೆ ಕಾಫಿ ಅವರಿಗೆ ಒಗ್ಗುತ್ತಿರಲಿಲ್ಲ.

ನಾಲ್ಕನೆಯವರು ಅದೇ ಕಂಪನಿಯ ಗುಮಾಸ್ತರು, ಮುನಿವೆಂಕಟಪ್ಪ. ತೆಳ್ಳಗೆ, ಮೆತ್ತಗೆ, ಮಡಿಸಿಟ್ಟ ಪಂಚೆಯ ಹಾಗಿದ್ದರು. ಅವರೊಬ್ಬರೇ ನಾನು ಅನುಕರಣೆ ಮಾಡಲಾಗದ ಮನುಷ್ಯ. ಮಾತಾಡಿದರೆ ತಾನೇ ಮಾಡುವುದು!

ಲಾಯರನ್ನೂ ಸೇರಿಸಿ ಐದಾಯಿತು. ಬದುಕಿದೆ ಎಂದುಕೊಂಡೆ.

ಮೊದಲ ದಿನ ಬೆಳಗಿನ ಜಾವವೇ ಎದ್ದು ಹಂಡೆಗೆ ಜಾಲಿ ಇದ್ದಿಲು ತುಂಬಿ, ಉರಿ ಹಚ್ಚಿ, ಗಾಳಿ ಊದುವ ಹ್ಯಾಂಡಲ್ ತಿರುಗಿಸಿ, ಕೊಳವೆಯ ಬಾಯಲ್ಲಿ ನೀಲಿ ಉರಿ ನಿಲ್ಲುವವರೆಗೆ ಕಾದು ಗಾಡಿ ತಂದೆ. ಹಿಂದಿನ ಸೀಟಿನಲ್ಲಿ ಬಲಗಡೆ ಕಮಲಮ್ಮ, ನಡುವೆ ಗೋಡೆಯ ಹಾಗೆ ಅವರ ದೊಡ್ಡಪ್ಪ ಲಾಯರು. ಮುಂದೆ ನನ್ನ ಪಕ್ಕ ಮಸ್ತಾನ್ ಸಾಹೇಬರು, ಅವರಾಚೆ ಎಡಗಡೆ ಕಿಟಕಿಗೆ ಮ್ಯಾನೇಜರು. ಉಳಿದದ್ದು ಹಿಂದಿನ ಎಡ ಮೂಲೆ. ಮುನಿವೆಂಕಟಪ್ಪ ಬಂದರು, ಮ್ಯಾನೇಜರಿಗೆ ಬಗ್ಗಿ ನಮಸ್ಕಾರ ಮಾಡಿದರು, ಬಾಗಿಲು ತೆಗೆಯಲಿಲ್ಲ. ಫುಟ್‌ಬೋರ್ಡಿನ ಮೇಲೆ ಹತ್ತಿ, ಬಾಗಿಲ ಕಂಬಿ ಹಿಡಿದು ನಿಂತರು.

"ಒಳಗೆ ಬನ್ನಿ ಸ್ವಾಮಿ" ಎಂದೆ.

"ಪರವಾಗಿಲ್ಲಪ್ಪ. ಹೋಗಲಿ ಗಾಡಿ."

"ಅಲ್ಲಾ ಸ್ವಾಮಿ, ಸೀಟು ಖಾಲಿ ಇದೆ, ಪಾಲು ಕೊಟ್ಟಿದ್ದೀರಿ."

"ಪಾಲು ಕೊಟ್ಟಿದ್ದೀನಿ ಅಂತ ಸಾಹೇಬರೆದುರು ಕೂರೋಕಾಗುತ್ತೇನಪ್ಪ?"

ಆಫೀಸಿನಲ್ಲಿ ಮ್ಯಾನೇಜರ ಮುಂದೆ ಕೂತು ಅವರಿಗೆ ಅಭ್ಯಾಸವೇ ಇರಲಿಲ್ಲ. ಕಾರಾದರೇನು, ಕಚೇರಿಯಾದರೇನು? ಮ್ಯಾನೇಜರೂ ಕೂತುಕೊಳ್ಳಿ ಎನ್ನಲಿಲ್ಲ. ಎರಡು ಸಲ 'ಉಹುಂ, ಉಹುಂ' ಎಂದು ಗಂಟಲು ಸರಿಮಾಡಿಕೊಂಡು, "ಹೊರಡು, ಪಂಕ್ಚುಯಾಲಿಟಿ ಮುಖ್ಯ, ಅರ್ಥವಾಯಿತೋ?" ಎಂದರು. ಹೀಗೆ ಮುನಿವೆಂಕಟಪ್ಪ ದಾರಿಯುದ್ದಕ್ಕೂ ನಿಂತೇ ಬಂದರು. ತಮಾಷೆ ಏನೆಂದರೆ, ಹಿಂದಿನ ಮೂಲೆಯಲ್ಲಿ ಕೂತಿದ್ದರೆ ಮ್ಯಾನೇಜರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಹೊರಗೆ ನಿಂತದ್ದರಿಂದ, ಮ್ಯಾನೇಜರು ಯಾವಾಗ ಕಿಟಕಿಯಿಂದ ಹೊಲ ನೋಡಲು ತಿರುಗಿದರೂ ಹೊಲ ಕಾಣದೆ ಮುನಿವೆಂಕಟಪ್ಪನವರ ಪಂಚೆ ಕಾಣುತ್ತಿತ್ತು.

ಇಷ್ಟಕ್ಕೇ ಮುಗಿಯಲಿಲ್ಲ. ಅಂತರಗಂಗೆ ಬೆಟ್ಟ ಕಣ್ಣಿಗೆ ಬಿದ್ದು, ಮಸ್ತಾನ್ ಸಾಹೇಬರು ಗೂಡಿನ ಮಾರುಕಟ್ಟೆಯ ಹತ್ತಿರ ಇಳಿದು, ಕಂಪನಿಯ ಗೇಟು ಸ್ವಲ್ಪ ದೂರವಿದೆ ಎನ್ನುವಾಗ ಮುನಿವೆಂಕಟಪ್ಪ ಕಂಬಿ ತಟ್ಟಿದರು. "ನಿಲ್ಲಿಸಪ್ಪ ಚಲಪತಿ." ನಿಲ್ಲಿಸಿದೆ. ಅವರು ಇಳಿದು, ಪಂಚೆ ಎತ್ತಿ ಕಟ್ಟಿ, ಕೊಡೆ ಕಂಕುಳಲ್ಲಿ ಇಟ್ಟುಕೊಂಡು ಗೇಟಿನ ಕಡೆಗೆ ಓಟ ಕಿತ್ತರು. ಏನಾಯಿತೆಂದು ನನಗೆ ಗಾಬರಿ.

"ಮೆಲ್ಲಗೆ ಹೋಗು" ಎಂದರು ಮ್ಯಾನೇಜರು, ಅದು ದಿನಾ ನಡೆಯುವ ಪೂಜೆಯೆಂಬಂತೆ. "ಗುಮಾಸ್ತರು ಮೊದಲು ಬಂದಿರಬೇಕು. ಮ್ಯಾನೇಜರು ಆಮೇಲೆ ಬರಬೇಕು. ಅದೇ ಕ್ರಮ, ಅರ್ಥವಾಯಿತೋ?"

ನನಗೆ ಚೆನ್ನಾಗಿ ಅರ್ಥವಾಯಿತು. ಒಂದೇ ಕಾರಿನಲ್ಲಿ ಹೊರಟವರು ಒಬ್ಬರು ಮೊದಲು, ಒಬ್ಬರು ಆಮೇಲೆ ಮುಟ್ಟಬೇಕು. ನಾನು ಎತ್ತಿನ ಗಾಡಿಗೂ ದಾರಿ ಬಿಟ್ಟುಕೊಂಡು ಮೆಲ್ಲಗೆ ಬಿಟ್ಟೆ. ಗೇಟು ದೂರವಿರುವಾಗಲೇ ಮ್ಯಾನೇಜರು ತಲೆ ಹೊರಗೆ ಹಾಕಿ "ಉಹುಂ, ಉಹುಂ. ಗೇಟ್!" ಎಂದು ಬಂದೂಕು ಹಾರಿಸಿದ ಹಾಗೆ ಕೂಗಿದರು. ಗೇಟು ಕಾಯುವ ಚೌಡಪ್ಪನಿಗೆ ಕಣ್ಣು ಮಂದ, ಆದರೆ ಈ ಕೂಗಿಗೆ ಗೇಟು ತಾನೇ ತೆರೆದಂತೆ ತೆರೆಯಿತು. ಒಳಗೆ ಮುನಿವೆಂಕಟಪ್ಪ ಏದುಸಿರು ಬಿಡುತ್ತ ಮೆಟ್ಟಿಲ ಮೇಲೆ ನಿಂತು, ಬೆಳಿಗ್ಗೆಯಿಂದ ಮುಖವನ್ನೇ ಕಾಣದವರ ಹಾಗೆ "ನಮಸ್ಕಾರ ಸಾರ್" ಎಂದರು. ಮ್ಯಾನೇಜರೂ ಆಗ ತಾನೇ ನೋಡಿದವರ ಹಾಗೆ ತಲೆಯಾಡಿಸಿದರು.

ಹಿಂದಿನ ಸೀಟಿನಿಂದ ಕಮಲಮ್ಮ, "ದೊಡ್ಡಪ್ಪಾ, ನಾನೂ ಮೊದಲೇ ಇಳಿದು ಓಡ್ಲಾ? ನಮ್ ಹೆಡ್ ಮಿಸ್ಟ್ರೆಸ್ ಬರೋ ಹೊತ್ತು" ಎಂದರು. ಲಾಯರು ನಗು ತಡೆಯಲು ನಶ್ಯ ಏರಿಸಿದರು.

ಇದ್ದಿಲು ಕಾರಿನ ಇನ್ನೊಂದು ಕ್ರಮ ಏರಿನಲ್ಲಿ ಗೊತ್ತಾಗುತ್ತಿತ್ತು. ದಾರಿಯಲ್ಲಿ ಒಂದು ದಿನ್ನೆ. ಪೆಟ್ರೋಲಿನ ಕಾರಿಗೆ ಅದು ದಿನ್ನೆಯೇ ಅಲ್ಲ. ನಮ್ಮ ಕಾರು ಅದರ ಬುಡಕ್ಕೆ ಬಂದ ಕೂಡಲೆ ಹಳೇ ಸಾಲಗಾರನನ್ನು ಕಂಡಂತೆ ನಿಂತುಬಿಡುತ್ತಿತ್ತು. ಎಲ್ಲರೂ ಇಳಿದು ತಳ್ಳಬೇಕು. ಆದರೆ ದೊಡ್ಡ ಮನುಷ್ಯರು ಇಳಿಯಲು ತಾವೇ ಮೊದಲಾಗುವುದಿಲ್ಲ. ಲಾಯರು ಮ್ಯಾನೇಜರನ್ನು ನೋಡುವುದು, ಮ್ಯಾನೇಜರು ಲಾಯರನ್ನು ನೋಡುವುದು, ಗ್ಯಾಸು ಆರುವುದು. ಒಂದು ದಿನ ನಾನು ಹಿಂದೆ ಹಂಡೆಯ ಮರೆಯಲ್ಲಿ ಹ್ಯಾಂಡಲ್ ತಿರುಗಿಸುತ್ತಿದ್ದವನು ತಾಳ್ಮೆಗೆಟ್ಟು ಲಾಯರ ದನಿಯಲ್ಲಿ ಕೂಗಿದೆ: "ಈಗ ನೋಡಿ, ಎಲ್ಲಾರೂ ಇಳೀರಿ, ಕೋರ್ಟಿಗೆ ಹೊತ್ತಾಯ್ತು!"

ಎಲ್ಲರೂ ಇಳಿದರು. ಎಲ್ಲರಿಗಿಂತ ಮೊದಲು ಇಳಿದವರು ಲಾಯರು. ಅರ್ಧ ದಿನ್ನೆ ತಳ್ಳಿದ ಮೇಲೆ ಅವರಿಗೆ ಹೊಳೆಯಿತು.

"ಲೇ ಚಲಪತಿ, ಇಳೀರಿ ಅಂತ ನಾನು ಯಾವಾಗ ಅಂದೆನೋ?"

"ನೀವೇ ಅಂದ್ರಿ ದೊಡ್ಡಪ್ಪ, ನಾನು ಕೇಳಿದೆ" ಎಂದರು ಕಮಲಮ್ಮ, ನನ್ನ ಕಡೆ ಕಣ್ಣು ಮಿಟುಕಿಸುತ್ತ.

ಆವತ್ತಿನಿಂದ ದಿನ್ನೆಯಲ್ಲಿ ಲಾಯರ ದನಿ ಕೇಳಿಸುವುದೂ ಕ್ರಮವಾಯಿತು. ಬಾಯಿಗೆ ಕೆಲಸ ಸಿಕ್ಕಿತೆಂದು ನಾನು ಎಲ್ಲರನ್ನೂ ಹಿಡಿದೆ. ಮಸ್ತಾನ್ ಸಾಹೇಬರ "ಪರವಾಗಿಲ್ಲ ಭಾಯ್" ಹಿಡಿದೆ. ಕಮಲಮ್ಮ ಮಗ್ಗಿ ತಪ್ಪಿದ ಹುಡುಗಿಯನ್ನು ಗದರಿಸುವುದನ್ನು ಹಿಡಿದೆ. ಅವರು ಗಂಭೀರವಾಗಿ ಕೇಳಿ, "ನನ್ನ ದನಿ ಸರಿ ಹಿಡಿದಿದ್ದೀಯ, ಆದರೆ ಏಳೆಂಟು ಐವತ್ತಾರು ಕಣೋ, ಐವತ್ನಾಲ್ಕಲ್ಲ" ಎಂದರು. ನನ್ನನ್ನೂ ನಾನು ಬಿಡಲಿಲ್ಲ. ಸಂಬಳ ಕೇಳಲು ಹೋದ ಚಲಪತಿ ಲಾಯರ ಜಗಲಿಯ ಮೇಲೆ ಕೈ ಹಿಸುಕುತ್ತ ನಿಲ್ಲುವುದನ್ನು ಚಲಪತಿಯೇ ಆಡಿ ತೋರಿಸುತ್ತಿದ್ದೆ. ಅದಕ್ಕೇ ನಗು ಜಾಸ್ತಿ.

ಗಣಪತಿಯ ಪ್ರಸಂಗವನ್ನೂ ಹೇಳಿಬಿಡುತ್ತೇನೆ. ಲಾಯರ ಬೀದಿಯ ಅರಳಿಕಟ್ಟೆಗೆ ಶಿವಾರಪಟ್ಟಣದಲ್ಲಿ ಒಂದು ಕಲ್ಲಿನ ಗಣಪತಿ ಕೆತ್ತಿಸಿದ್ದರು. ನನ್ನ ಹಳೇ ಗೆಳೆಯನೊಬ್ಬ ಇಟ್ಟಿಗೆ ಲಾರಿಯಲ್ಲಿ ಅದನ್ನು ಕೋಲಾರದವರೆಗೆ ತಂದಿಳಿಸಿದ. ಆವತ್ತು ಕಮಲಮ್ಮ ರಜೆಯಲ್ಲಿದ್ದರು. ಸಂಜೆ ವಾಪಸಾಗುವಾಗ ಅವರ ಸೀಟು ಖಾಲಿ.

"ಐದು ಸೀಟು ತುಂಬಬೇಕು ಅಂದಿದ್ದೀರಲ್ಲ ಸ್ವಾಮಿ, ತುಂಬಿಸ್ತೀನಿ" ಎಂದು ಗಣಪತಿಯನ್ನು ಅಲ್ಲಿ ಕೂರಿಸಿದೆ. ಮಸ್ತಾನ್ ಸಾಹೇಬರು ತಮ್ಮ ಗೂಡಿನ ಖಾಲಿ ಚೀಲಗಳನ್ನು ಮಡಿಸಿ ಅವನಿಗೆ ಬೆನ್ನಿಗೂ ಪಕ್ಕಕ್ಕೂ ಒತ್ತುಕೊಟ್ಟರು. "ಸೊಂಡ್ಲು ಭದ್ರ ಭಾಯ್, ಹಳ್ಳ ನೋಡ್ಕೊಂಡು ಬಿಡು" ಎಂದರು. ದಿನ್ನೆ ಬಂತು. ಎಲ್ಲರೂ ಇಳಿದೆವು, ಗಣಪತಿ ಇಳಿಯಲಿಲ್ಲ. ಎಲ್ಲರಿಗಿಂತ ಭಾರವಾದವನು ಒಳಗೆ, ಅವನನ್ನು ತಳ್ಳುವವರು ಹೊರಗೆ. ಮ್ಯಾನೇಜರು ಬೆವರು ಒರೆಸಿಕೊಳ್ಳುತ್ತ, "ಇವನ ಪಾಲು ಯಾರು ಕೊಡ್ತಾರೆ?" ಎಂದರು. "ಈಗ ನೋಡಿ, ವಿಘ್ನ ನಿವಾರಣೆ ಮಾಡೋನು ಅವನು. ಅವನ ಹತ್ರ ಪಾಲು ಕೇಳೋಕಾಗುತ್ತಾ?" ಎಂದರು ಲಾಯರು. "ವಿಘ್ನ ನಿವಾರಣೆ ಆಮೇಲಾಗಲಿ, ಸದ್ಯಕ್ಕೆ ಇಳಿದು ಒಂದು ಕೈ ಹಾಕಲಿ" ಎಂದೆ ನಾನು. ಪಾಪ ಮುನಿವೆಂಕಟಪ್ಪ ಆವತ್ತು ಫುಟ್‌ಬೋರ್ಡಿನ ಮೇಲೆ ಇನ್ನೂ ಕುಗ್ಗಿ ನಿಂತಿದ್ದರು. ಮುಂದೆ ಮ್ಯಾನೇಜರು, ಹಿಂದೆ ದೇವರು. ಎರಡು ಕಡೆಗೂ ಭಕ್ತಿ ತೋರಿಸಬೇಕಲ್ಲ!

ನಮ್ಮ ಗಾಡಿಯ ಸುದ್ದಿ ಹಬ್ಬಿತು. ಶ್ರೀನಿವಾಸಪುರದಲ್ಲಿ ಒಬ್ಬ ಡಾಕ್ಟರು ತಮ್ಮ ಕಾರಿಗೆ ಹಂಡೆ ಕಟ್ಟಿಸಿ ಕಚೇರಿಗೆ ಹೋಗುವವರನ್ನು ಸೇರಿಸಿಕೊಂಡರು. ಮಾವಿನ ಕಾಲದಲ್ಲಿ ಅವರ ಗಾಡಿಯಲ್ಲಿ ಜನಕ್ಕಿಂತ ಹಣ್ಣಿನ ಬುಟ್ಟಿಗಳೇ ಹೆಚ್ಚು ಎಂದು ಅದರ ಡ್ರೈವರು ಗೋಳಾಡುತ್ತಿದ್ದ. ಮಾಲೂರಿನಲ್ಲಿ ರೈಲು ತಪ್ಪಿಸಿಕೊಳ್ಳುವವರೇ ಸೇರಿ ಒಂದು ಗಾಡಿ ಮಾಡಿಕೊಂಡರು. ಅವರೆಲ್ಲ ನಮ್ಮನ್ನು ಕೇಳಿ ಹೋಗುತ್ತಿದ್ದರು, ಇದ್ದಿಲು ಯಾವುದು, ಪಾಲು ಹೇಗೆ, ಕೂರುವ ಕ್ರಮ ಏನು ಎಂದು. ಕೂರುವ ಕ್ರಮ ಕೇಳಿದಾಗ ನಾನು ಫುಟ್‌ಬೋರ್ಡ್ ತೋರಿಸಿ ಸುಮ್ಮನಾಗುತ್ತಿದ್ದೆ.

ಇಷ್ಟೆಲ್ಲ ಚೆನ್ನಾಗಿ ನಡೆಯುತ್ತಿದ್ದಾಗ ನನ್ನ ಬಾಯಿ ನನ್ನ ಅನ್ನದ ಮೇಲೆಯೇ ಬಂತು.

ಒಂದು ಭಾನುವಾರ ಮುಳಬಾಗಿಲಿನ ದೋಸೆ ಹೋಟೆಲಿನ ಹೊರಬೆಂಚಿನಲ್ಲಿ ಗೆಳೆಯರ ನಡುವೆ ಕೂತಿದ್ದೆ. "ಮ್ಯಾನೇಜರು ದೋಸೆ ತಿಂದ್ರೆ ಹೇಗೋ ಚಲಪತಿ?" ಎಂದರು. ಕೇಳಬೇಕೆ? ಬೆನ್ನು ನೆಟ್ಟಗೆ ಮಾಡಿ, ಗಂಟಲು ಎರಡು ಸಲ ಸರಿಮಾಡಿ, "ಉಹುಂ, ಉಹುಂ. ಚಟ್ನಿ! ದೋಸೆಗೆ ಮೊದಲು ಚಟ್ನಿ ಬಂದಿರಬೇಕು. ದೋಸೆ ಆಮೇಲೆ ಬರಬೇಕು. ಅದೇ ಕ್ರಮ, ಅರ್ಥವಾಯಿತೋ?" ಎಂದೆ. ಬೆಂಚು ನಗೆಯಿಂದ ಅಲುಗಾಡಿತು.

ಒಳಗಿನ ಕೋಣೆಯಿಂದ ಬಡಿಸುವವನ ದನಿ ಬಂತು: "ಬಂತು ಸಾರ್, ಚಟ್ನಿ ಬಂತು!" ಆಮೇಲೆ ಇನ್ನೊಂದು ದನಿ: "ನಾನು ಕೇಳಲಿಲ್ಲವಲ್ಲಯ್ಯ?" ಬಡಿಸುವವನು: "ಈಗ ತಾನೇ ಕೂಗಿದ್ರಲ್ಲಾ ಸಾರ್?"

ಬೆಂಚಿನ ನಗು ನಿಂತಿತು. ತಟ್ಟಿಯ ಹಿಂದಿನಿಂದ ಮ್ಯಾನೇಜರು ವರದರಾಜಯ್ಯನವರು ಹೊರಗೆ ಬಂದರು. ಅವರ ಎಲೆಯ ಮೇಲೆ ಎರಡು ಸೌಟು ಚಟ್ನಿ ಬಿದ್ದಿತ್ತಂತೆ. ನನ್ನನ್ನು ನೋಡಿದರು. ಗಂಟಲು ಕೂಡ ಸರಿಮಾಡಿಕೊಳ್ಳದೆ ನಡೆದುಹೋದರು. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಲಾಯರು ಕರೆಸಿದರು. "ಈಗ ನೋಡು ಚಲಪತಿ. ವರದರಾಜಯ್ಯ ಹೇಳಿ ಕಳಿಸಿದಾರೆ. ಶನಿವಾರ ಅವರ ಕಂಪನಿಗೆ ಮಿಲಿಟರಿ ಕಡೆಯಿಂದ ರೇಷ್ಮೆ ನೋಡೋ ಸಾಹೇಬ ಬರ್ತಾನಂತೆ. ಶನಿವಾರದವರೆಗೆ ಬೇರೆ ದಾರಿ ಇಲ್ಲ, ಬರ್ತಾರಂತೆ. ಸೋಮವಾರದಿಂದ ಬರಲ್ಲ. ಕೋಲಾರದಲ್ಲೇ ರೂಮು ನೋಡ್ತಾರಂತೆ."

"ಬಾವಿ ನೀರು ಬಿಟ್ಟಾ ಸ್ವಾಮಿ?"

"ನಿನ್ನ ಬಾಯಿಗಿಂತ ಕೋಲಾರದ ಕಾಫಿನೇ ವಾಸಿಯಂತೆ. ಸಾಹೇಬರು ಹೋದ್ರೆ ಗುಮಾಸ್ತನೂ ಹೋಗ್ತಾನೆ. ಆಮೇಲೆ ಕೊಟ್ಟಿಗೆ ಕಣಪ್ಪ. ನಾನೇನು ಮಾಡ್ಲಿ?"

ನಾನೇನು ಮಾಡಲಿ? ಮಾಲೂರಿನ ಗೂಡಿನ ಬೂದಿ ಆಗಲೇ ಗಂಟಲಿಗೆ ಬಂದ ಹಾಗಾಯಿತು. ಆ ವಾರ ಬಾಯಿಗೆ ಬೀಗ ಹಾಕಿದೆ. ದಿನ್ನೆಯಲ್ಲಿ ಲಾಯರ ದನಿ ಕೇಳಿಸಲಿಲ್ಲ, ಆದ್ದರಿಂದ ಯಾರೂ ಬೇಗ ಇಳಿಯಲೂ ಇಲ್ಲ. ಮಸ್ತಾನ್ ಸಾಹೇಬರು "ಏನ್ ಭಾಯ್, ಗಾಡಿಯಲ್ಲಿ ಯಾರೋ ಸತ್ತೋದ ಹಾಗಿದೆ" ಎಂದರು. ಮ್ಯಾನೇಜರು ಕಿಟಕಿ ಕಡೆಗೆ ತಿರುಗಿ ಮುನಿವೆಂಕಟಪ್ಪನವರ ಪಂಚೆಯನ್ನು ನೋಡುತ್ತ ಕೂತರು.

ಶುಕ್ರವಾರ ಕಂಪನಿಯ ಹತ್ತಿರ ಮುನಿವೆಂಕಟಪ್ಪ ಎಂದಿನಂತೆ ಇಳಿದು ಓಡುವಾಗ ಕಾಲು ಉಳುಕಿಸಿಕೊಂಡರು. ಶನಿವಾರ ಬೆಳಿಗ್ಗೆ ಪಾದಕ್ಕೆ ಬಟ್ಟೆ ಸುತ್ತಿಕೊಂಡು ಕುಂಟುತ್ತ ಬಂದರು, ಆದರೂ ಫುಟ್‌ಬೋರ್ಡಿಗೇ ಕಾಲೆತ್ತಿದರು.

"ಮುನಿವೆಂಕಟಪ್ಪನವರೇ" ಎಂದರು ಕಮಲಮ್ಮ, ಶಾಲೆಯ ದನಿಯಲ್ಲಿ. "ಒಳಗೆ ಕೂತ್ಕೊಳಿ. ಕೂರಲಿಲ್ಲ ಅಂದ್ರೆ ಬೆಂಚ್ ಮೇಲೆ ನಿಲ್ಲಿಸ್ತೀನಿ."

ಅವರು ಮ್ಯಾನೇಜರ ಕಡೆ ನೋಡಿದರು. ಮ್ಯಾನೇಜರು ಆಕಾಶದ ಕಡೆ ನೋಡಿದರು. ಮುನಿವೆಂಕಟಪ್ಪ ಕೂತರು. ಕೂತರು ಎಂದರೆ ಸೀಟಿನ ಅಂಚಿಗೆ ತಾಗಿದರು ಅಷ್ಟೆ, ಬಿಸಿ ಬಾಣಲೆಯ ಮೇಲೆ ಕೂತವರ ಹಾಗೆ.

ಹಿಂದಿನ ದಿನ ಬಿದ್ದ ಮಳೆಗೆ ಇದ್ದಿಲ ಮೂಟೆ ನೆಂದಿತ್ತು. ನೀಲಿ ಉರಿ ಸರಿಯಾಗಿ ನಿಂತಿರಲಿಲ್ಲ, ಹೊತ್ತಾಯಿತೆಂದು ಹಾಗೇ ಹೊರಟಿದ್ದೆ. ದಿನ್ನೆಯ ಬುಡದಲ್ಲಿ ಗಾಡಿ ನಿಂತದ್ದು ನಿಂತೇಬಿಟ್ಟಿತು. ಎಲ್ಲರೂ ಇಳಿದರು. ಮುನಿವೆಂಕಟಪ್ಪ ಇಳಿಯಲು ಹೋದರೆ ಕಾಲು ಊರಲಾಗಲಿಲ್ಲ.

"ಇರಲಿ, ಕೂತಿರಿ" ಎಂದರು ಮ್ಯಾನೇಜರು. ಆ ಕಾರಿನಲ್ಲಿ ಅವರು ಗುಮಾಸ್ತರಿಗೆ ಆಡಿದ ಮೊದಲ ಮಾತು ಅದು ಎಂದು ನನ್ನ ಲೆಕ್ಕ.

ಮ್ಯಾನೇಜರು ಬಿಳಿ ಕೋಟಿನ ತೋಳು ಮಡಿಸಿ ಹಂಡೆಯ ಪಕ್ಕದಲ್ಲೇ ಹೆಗಲು ಕೊಟ್ಟರು. ನಾನು ಹ್ಯಾಂಡಲ್ ತಿರುಗಿಸಿದೆ. ಉರಿ ಏಳುತ್ತಿಲ್ಲವೆಂದು ಮೇಲಿನ ಮುಚ್ಚಳ ಸಡಿಲಿಸಿದೆ, ನೋಡಿ! ಒಳಗೆ ತುಂಬಿದ್ದ ಹೊಗೆ, ಮಸಿ, ಬೂದಿ ಎಲ್ಲ ಒಮ್ಮೆಗೇ 'ಬುಸ್' ಎಂದು ಹೊರಗೆ ಬಂತು. ಹೊಗೆ ತಿಳಿಯಾದಾಗ ಅಲ್ಲಿ ಮ್ಯಾನೇಜರು ಇರಲಿಲ್ಲ. ಅವರ ಎತ್ತರದ ಒಬ್ಬ ಕರಿಯ ಮನುಷ್ಯ ಕೆಮ್ಮುತ್ತ ನಿಂತಿದ್ದ, ಕಣ್ಣು ಎರಡು ಮಾತ್ರ ಬಿಳಿ.

"ಪರವಾಗಿಲ್ಲ ಭಾಯ್" ಎಂದರು ಮಸ್ತಾನ್ ಸಾಹೇಬರು, ಅಷ್ಟೇನೂ ನಂಬಿಕೆಯಿಲ್ಲದೆ.

ಮ್ಯಾನೇಜರು ನನಗೆ ಏನೋ ಹೇಳಲು ಬಾಯಿ ತೆಗೆದರು. ದನಿ ಬರಲಿಲ್ಲ. ಬಾಗಿಲ ಕೀಲಿನ ಕಿರುಗುಟ್ಟುವಿಕೆಯಂಥದೇನೋ ಬಂತು. ಹೊಗೆ ಗಂಟಲನ್ನು ಕಟ್ಟಿಬಿಟ್ಟಿತ್ತು. ಆಗ ಹಾಳು ಗಾಡಿಗೆ ಜೀವ ಬಂತು. ಮುಖ ತೊಳೆಯಲು ನೀರು ಹುಡುಕುವಷ್ಟು ಹೊತ್ತಿರಲಿಲ್ಲ, ಎಲ್ಲರೂ ಹತ್ತಿದರು.

ಮಸ್ತಾನ್ ಸಾಹೇಬರು ಮಾರುಕಟ್ಟೆಯಲ್ಲಿ ಇಳಿದರು. ಗೇಟು ಕಾಣುವ ಜಾಗಕ್ಕೆ ಬಂದಾಗ ಯಾರೂ ಇಳಿದು ಓಡಲಿಲ್ಲ, ಓಡುವ ಕಾಲು ಸೀಟಿನಲ್ಲಿತ್ತು. ನೇರ ಗೇಟಿಗೇ ಬಂದೆವು. ಮ್ಯಾನೇಜರು ತಲೆ ಹೊರಗೆ ಹಾಕಿ ಕೂಗಿದರು. "ಗೀ..." ಎಂದಿತು ಗಂಟಲು.

ಚೌಡಪ್ಪ ಕಂಬಿಯ ಸಂದಿನಿಂದ ಮಂದಗಣ್ಣು ತೂರಿಸಿದ. "ಎವರ್ರಾ ಅದಿ? ಯಾರಯ್ಯ ನೀನು? ಇದ್ದಿಲು ತಂದಿದ್ರೆ ಹಿಂದಿನ ಬಾಗಿಲಿಗೆ ಹೋಗು. ಇವತ್ತು ದೊರೆ ಬರ್ತಾರೆ, ಈ ಮುಖ ಇಟ್ಕೊಂಡು ಇಲ್ಲಿ ನಿಲ್ಲಬೇಡ."

"ಚೌಡಪ್ಪಾ, ಇವರು ನಿಮ್ಮ ಮ್ಯಾನೇಜರಯ್ಯಾ" ಎಂದರು ಲಾಯರು.

"ನಮ್ ಸಾಹೇಬ್ರು ಮಲ್ಲಿಗೆ ಹೂವಿದ್ದಂಗೆ ಇರ್ತಾರೆ ಸ್ವಾಮಿ. ನೀವು ಕೋರ್ಟಿನೋರು, ಕಪ್ಪನ್ನ ಬಿಳಿ ಅಂತೀರಿ, ನನಗೆ ಗೊತ್ತಿಲ್ವಾ?"

ಕಂಪನಿಯವರೆಂದು ಹೇಳಬಲ್ಲವರು ಒಬ್ಬರಿದ್ದರು. ಆದರೆ ಮುನಿವೆಂಕಟಪ್ಪ, ತಾನು ಮ್ಯಾನೇಜರ ಜೊತೆ ಕೂತು ಬಂದದ್ದು ಚೌಡಪ್ಪನ ಕಣ್ಣಿಗೆ ಬಿದ್ದರೆ ಕಂಪನಿಯೆಲ್ಲ ಡಂಗುರವಾಗುತ್ತದೆ ಎಂದು, ಸೀಟಿನ ಕೆಳಗೆ ಮುದುರಿ ಕೂತುಬಿಟ್ಟಿದ್ದರು. ಕಮಲಮ್ಮ ಕೊಡೆಯಲ್ಲಿ ತಿವಿದರೂ ಮೇಲೆ ಬರಲಿಲ್ಲ.

ಬೆಂಗಳೂರಿನ ರಸ್ತೆಯಲ್ಲಿ ದೂಳೆದ್ದಿತು. ಮಿಲಿಟರಿ ಗಾಡಿ.

ಮ್ಯಾನೇಜರು ನನ್ನ ಕಡೆ ತಿರುಗಿದರು. ಮಸಿಯ ನಡುವೆ ಎರಡು ಬಿಳಿ ಕಣ್ಣು. ತಮ್ಮ ಗಂಟಲು ತೋರಿಸಿದರು, ನನ್ನ ಬಾಯಿ ತೋರಿಸಿದರು, ಗೇಟು ತೋರಿಸಿದರು.

"ಸಾರ್... ನಾನಾ?" ಎಂದೆ. "ಬೇಡಿ ಸಾರ್. ಆಮೇಲೆ ನೀವು..."

ಅವರು ಎರಡು ಕೈ ಜೋಡಿಸಿದರು.

ನಾನು ಬೆನ್ನು ನೆಟ್ಟಗೆ ಮಾಡಿದೆ. ಆ ವಾರವಿಡೀ ಒಳಗೆ ಕೊಳೆಯುತ್ತಿದ್ದ ದನಿಯನ್ನೆಲ್ಲ ಹೊರಗೆ ಬಿಟ್ಟೆ. "ಉಹುಂ, ಉಹುಂ. ಗೇಟ್! ಪಂಕ್ಚುಯಾಲಿಟಿ ಮುಖ್ಯ ಚೌಡಪ್ಪ, ಅರ್ಥವಾಯಿತೋ?"

"ಅಯ್ಯೋ ಸಾಹೇಬ್ರು!" ಎಂದ ಚೌಡಪ್ಪ. ಗೇಟು ಹಾರಿತು. ಯಾರಿಗೆಂದು ಗೊತ್ತಿಲ್ಲದೆ ಕಾರಿಗೇ ಒಂದು ಸಲಾಮು ಹೊಡೆದ. ಮ್ಯಾನೇಜರು ಹಿಂದಿನ ತೊಟ್ಟಿಗೆ ಓಡಿ ಮುಖ ತೊಳೆದು, ಯಾರದೋ ಕೋಟು ಹಾಕಿಕೊಂಡು ಬಂದಾಗ ಮಿಲಿಟರಿ ಸಾಹೇಬ ಇಳಿಯುತ್ತಿದ್ದ. ಆಮೇಲೆ ಕೇಳಿದೆ, ಬಂದವನಿಗೆ ತುಂಬ ಸಂತೋಷವಾಯಿತಂತೆ. ಅವನು ನೋಡಿದ ಮ್ಯಾನೇಜರುಗಳಲ್ಲಿ ಭಾಷಣ ಮಾಡದೆ ನೂಲು ತೋರಿಸಿದವರು ಇವರೊಬ್ಬರೇ ಅಂತೆ.

ಸಂಜೆ ಎಲ್ಲರೂ ಕಾರಿನಲ್ಲಿ ಕೂತರು. ನಾನು ಮಾಲೂರಿಗೆ ಯಾವ ರೈಲು ಹಿಡಿಯುವುದೆಂದು ಯೋಚಿಸುತ್ತಿದ್ದೆ. ದಿನ್ನೆ ದಾಟಿದ ಮೇಲೆ ಮ್ಯಾನೇಜರು ಕೀರಲು ದನಿಯಲ್ಲಿ ಕೇಳಿದರು:

"ಚಲಪತಿ, ನಾನು ನಿಜವಾಗ್ಲೂ ಎರಡೆರಡು ಸಲ ಕೆಮ್ತೀನೇನೋ?"

ನಾನು ಸ್ಟೀರಿಂಗ್ ಗಟ್ಟಿಯಾಗಿ ಹಿಡಿದುಕೊಂಡೆ. ಹಿಂದಿನಿಂದ ಕಮಲಮ್ಮ ಹೇಳಿದರು, "ಮೂರು ಸಲ. ಮರ್ಯಾದೆಗೆ ಅಂತ ಅವನು ಒಂದು ಕಮ್ಮಿ ಮಾಡ್ತಾನೆ."

ಮೊದಲು ನಕ್ಕವರು ಮಸ್ತಾನ್ ಸಾಹೇಬರು. ಆಮೇಲೆ ಲಾಯರು. ಕೊನೆಗೆ ಬಾಗಿಲ ಕೀಲು ಕಿರುಗುಟ್ಟಿದ ಹಾಗೆ ಒಂದು ಸದ್ದು ಬಂತು. ಮ್ಯಾನೇಜರು ನಗುತ್ತಿದ್ದರು.

ಊರಲ್ಲಿ ಇಳಿಯುವಾಗ ಅವರು ಕೇಳಿದ್ದು ಒಂದೇ ಮಾತು. "ಸೋಮವಾರ ಇದ್ದಿಲು ಒಣಗಿರುತ್ತೇನೋ?"

"ನನ್ನ ಹಾಸಿಗೆ ಮೇಲೆ ಮಲಗಿಸಿ ಒಣಗಿಸ್ತೀನಿ ಸಾರ್" ಎಂದೆ.

ಸೋಮವಾರ ಐದೂ ಸೀಟು ತುಂಬಿತು. ಮುನಿವೆಂಕಟಪ್ಪನವರ ಕಾಲು ಇನ್ನೂ ವಾಸಿಯಾಗಿರಲಿಲ್ಲ, ಅಂಚಿಗೆ ತಾಗಿ ಕೂತಿದ್ದರು. ಗೇಟು ಹತ್ತಿರ ಬಂತು. ಮ್ಯಾನೇಜರಿಗೆ ದನಿ ಪೂರ್ತಿ ಮರಳಿತ್ತು. ತಲೆ ಹೊರಗೆ ಹಾಕಿ, ಮೂರು ಸಲ ಗಂಟಲು ಸರಿಮಾಡಿಕೊಂಡು ಕೂಗಿದರು. "ಗೇಟ್!"

ಗೇಟು ತೆರೆಯಲಿಲ್ಲ. ಶನಿವಾರದ ಸಂಗತಿ ಕಂಪನಿಯಲ್ಲೆಲ್ಲ ಹರಡಿ, ಕಂಡಕಂಡವರೆಲ್ಲ ಚೌಡಪ್ಪನನ್ನು ಗೋಳುಹೊಯ್ದುಕೊಂಡಿದ್ದರು.

"ಪೋರಾ, ಹೋಗೋ ಚಲಪತೀ!" ಒಳಗಿನಿಂದ ಕೂಗಿದ. "ಒಂದು ಸಲ ಏಮಾರಿಸಿದೆ, ಸಾಕು."

"ಚೌಡಪ್ಪ, ನಾನಯ್ಯ! ಗೇಟ್!" ಎಂದು ಮ್ಯಾನೇಜರು ಇನ್ನೂ ಜೋರಾಗಿ ಕೂಗಿದರು.

"ಇವತ್ತು ಸ್ವಲ್ಪ ಜಾಸ್ತಿ ಆಯ್ತು ಕಣ್ಲಾ. ಸಾಹೇಬ್ರು ಇಷ್ಟು ಕೆಟ್ಟದಾಗಿ ಕೂಗಲ್ಲ."

"ಚೌಡಣ್ಣಾ, ದೇವರಾಣೆ ಅದು ಸಾಹೇಬ್ರೇ, ನಾನಲ್ಲ" ಎಂದೆ ನನ್ನದೇ ದನಿಯಲ್ಲಿ.

"ನಿನ್ನ ದನಿ ಯಾವುದು ಅಂತ ನಿನಗಾದ್ರೂ ಗೊತ್ತೇನೋ?"

ನಾವು ಮುಖ ಮುಖ ನೋಡಿಕೊಂಡೆವು. ಆಗ ಹಿಂದಿನ ಎಡ ಮೂಲೆಯಿಂದ, ಯಾರೂ ನಿರೀಕ್ಷಿಸದ ಒಂದು ಸಣ್ಣ, ಮೆತ್ತಗಿನ ದನಿ ಬಂತು. "ಚೌಡಣ್ಣಾ... ನಾನು ಮುನಿಯೆಂಕ್ಟಪ್ಪ. ಗೇಟು ತೆಗಿಯಣ್ಣಾ."

ತಕ್ಷಣ ಅಗುಳಿ ಸರಿಯಿತು. "ಮೊದ್ಲೇ ಹೇಳಬಾರ್ದಾ ಅಣ್ಣಾ" ಎಂದ ಚೌಡಪ್ಪ.

ಆ ವಾರದ ಕೊನೆಗೆ ಮುನಿವೆಂಕಟಪ್ಪನವರ ಕಾಲು ಸರಿಹೋಯಿತು. ಬೆಳಿಗ್ಗೆ ಬಂದು ಅಭ್ಯಾಸಬಲದಿಂದ ಫುಟ್‌ಬೋರ್ಡಿನ ಮೇಲೆ ಹತ್ತಿದರು. ಮ್ಯಾನೇಜರು ಕೆಳಗಿಳಿದು, ತಾವೇ ಹಿಂದಿನ ಬಾಗಿಲು ತೆಗೆದು ಹಿಡಿದರು.

"ಒಳಗೆ ಬನ್ನಿ ಮುನಿವೆಂಕಟಪ್ಪ. ನೀವು ಮುಂದೆ ಓಡಿಹೋದ್ರೆ ನಾನು ಗೇಟಿನ ಹೊರಗೇ ಉಳೀತೀನಿ. ಒಟ್ಟಿಗೆ ಹೋಗೋಣ. ಇನ್ಮೇಲೆ ಅದೇ ಕ್ರಮ..."

ಅಲ್ಲಿಗೆ ನಿಲ್ಲಿಸಿದರು. ಎಲ್ಲರೂ ಕಾದೆವು.

"ಅರ್ಥವಾಯಿತು ಸಾರ್" ಎಂದು ಮುನಿವೆಂಕಟಪ್ಪ ಒಳಗೆ ಬಂದು, ಬೆನ್ನು ಪೂರ್ತಿ ಸೀಟಿಗೆ ಆನಿಸಿ ಕೂತರು.

ಯುದ್ಧ ಮುಗಿದು ಪೆಟ್ರೋಲು ಬಂದ ಮೇಲೂ ಆ ಐವರು ಒಟ್ಟಿಗೇ ಹೋಗುತ್ತಿದ್ದರು. ಹಂಡೆ ಹೋಯಿತು, ದಿನ್ನೆಯಲ್ಲಿ ಇಳಿಯುವುದು ಹೋಯಿತು, ಆದರೂ ಅಲ್ಲಿಗೆ ಬಂದಾಗ ಲಾಯರ ದನಿ ಒಮ್ಮೆ ಕೇಳಿಸಲೇಬೇಕಿತ್ತು. ಮುನಿವೆಂಕಟಪ್ಪನವರ ದನಿಯನ್ನು ಮಾತ್ರ ಎಂದೂ ಕಲಿಯಬಾರದೆಂದು ಮ್ಯಾನೇಜರು ನನ್ನಿಂದ ಆಂಜನೇಯನ ಗುಡಿಯ ಮುಂದೆ ಆಣೆ ಮಾಡಿಸಿಕೊಂಡಿದ್ದರು. ಆ ದನಿಯ ಮೇಲಿನ ನಂಬಿಕೆಯೂ ಹೋದರೆ ಕಂಪನಿಗೆ ಗೋಡೆ ಹಾರಿಯೇ ಹೋಗಬೇಕಾಗುತ್ತದಲ್ಲ!

ಕಂಪನಿಯ ಗೇಟಿನ ಮುಂದೆ ಆ ಆಣೆಯನ್ನು ನಾನು ಒಂದು ದಿನವೂ ಮುರಿಯಲಿಲ್ಲ. ಈಗ ಹೊತ್ತು ಮೀರಿ ಹರಟೆ ಮುಗಿಸಿ ಮನೆಗೆ ಬಂದಾಗ, ಸೊಸೆ ಸಿಟ್ಟಿಗೆ ಅಗುಳಿ ಹಾಕಿಕೊಂಡಿದ್ದರೆ ಮಾತ್ರ, ಬಾಗಿಲಿಗೆ ಬಾಯಿಟ್ಟು ಆ ಸಣ್ಣ ದನಿಯಲ್ಲಿ "ತೆಗಿಯಮ್ಮಾ" ಎನ್ನುತ್ತೇನೆ. ಒಂದೇ ಸಲಕ್ಕೆ ತೆಗೆಯುತ್ತಾಳೆ.